ಕೋವಿಗೂ ಒಂದು ಕಾಲಂ ಕೊಡಿ

ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐನ ಅಧ್ಯಕ್ಷರಿಗೆ, ಮತ್ತು ಈ ದೇಶದಲ್ಲಿ ಮನೆ ವಿಮೆ ಮಾರುವ ಎಲ್ಲ ಕಂಪನಿಗಳ ಹಿರಿಯರಿಗೆ

ಮಾನ್ಯರೇ,

ನಾನು ಕೊಡಗಿನವನು. ಕಾಫಿ ತೋಟ, ಅದರೊಳಗೆ ಒಂದಿಷ್ಟು ಕರಿಮೆಣಸು, ಕೆಳಗೆ ಎರಡು ಎಕರೆ ಗದ್ದೆ. ಹೋದ ವರ್ಷ ಮಳೆಗಾಲ ಶುರುವಾಗುವ ಮೊದಲು ಮನೆಗೆ ವಿಮೆ ಮಾಡಿಸೋಣ ಎಂದು ಪೇಟೆಯ ಒಂದು ವಿಮಾ ಕಚೇರಿಗೆ ಹೋದೆ. ಅಲ್ಲಿದ್ದ ಹುಡುಗ ಒಳ್ಳೆಯವನು. ಕೂರಿಸಿ, ಕಾಫಿ ತರಿಸಿ, ಫಾರಂ ತೆಗೆದು, "ಮನೆಯೊಳಗೆ ಏನೇನಿದೆ ಹೇಳಿ ಸಾರ್" ಎಂದ. ಹೇಳಿದೆ. ಟಿವಿ, ಫ್ರಿಜ್, ವಾಷಿಂಗ್ ಮೆಷಿನ್, ಹೆಂಡತಿಯ ಬಂಗಾರ, ಅಜ್ಜಿಯ ಕಾಲದ ಬೆಳ್ಳಿ. ಎಲ್ಲ ಬರೆದುಕೊಂಡ.

"ನಾಲ್ಕು ಕೋವಿ" ಎಂದೆ. ಪೆನ್ನು ನಿಂತಿತು.

"ಕೋವಿ ಅಂದ್ರೆ, ಗನ್ನಾ ಸಾರ್?"

"ಹೌದಪ್ಪ, ಗನ್ನೇ."

"ಅದು ಬೇಡ ಸಾರ್. ಸುಮ್ನೆ ರಿಸ್ಕು."

ರಿಸ್ಕ್ ಇದೆ ಅಂತಾನೇ ಅಲ್ವಾ ವಿಮೆ ಮಾಡಿಸುವುದು ಎಂದು ಕೇಳಿದೆ. ಅವನು ನಕ್ಕ, ನಾನೂ ನಕ್ಕೆ. ಆಮೇಲೆ ಅವನು ಒಳಗೆ ಹೋಗಿ ಮೇಲಿನವರನ್ನು ಕೇಳಿ ಬಂದ. ಫಾರಂನಲ್ಲಿ ಅದಕ್ಕೆ ಕಾಲಂ ಇಲ್ಲವಂತೆ. ಮೇಲಿನವರಿಗೆ ಅವರ ಮೇಲಿನವರು ಇಂಥದ್ದು ಬಂದರೆ ಏನು ಮಾಡಬೇಕೆಂದು ಹೇಳಿಲ್ಲವಂತೆ. ಅಲ್ಲಿಂದ ಇನ್ನೂ ಮೂರು ಕಡೆ ಕೇಳಿದೆ. ಒಂದು ಕಡೆ ಮೇಲ್ ಹಾಕಿ ಎಂದರು, ಹಾಕಿದೆ, ಉತ್ತರ ಬರಲಿಲ್ಲ. ಇನ್ನೊಂದು ಕಡೆ ಕೊಡುತ್ತೇವೆ ಎಂದರು. ಆದರೆ ಅವರು ಹೇಳಿದ ಪ್ರೀಮಿಯಂ ಕೋವಿಗಳಿಗೇ ಇಡೀ ಮನೆಯದಕ್ಕಿಂತ ಜಾಸ್ತಿ ಇತ್ತು. ಮೂರನೆಯ ಕಡೆಯ ಏಜೆಂಟ್ ಧ್ವನಿ ತಗ್ಗಿಸಿ, "ಸ್ಪೋರ್ಟ್ಸ್ ಸಾಮಾನು ಅಂತ ಹಾಕೋಣ ಸಾರ್, ಯಾರು ನೋಡ್ತಾರೆ" ಎಂದ. ಕ್ಲೇಮ್ ಬಂದ ದಿನ ಎಲ್ಲರೂ ನೋಡುತ್ತಾರೆ ಎನ್ನುವಷ್ಟು ನನಗೂ ಗೊತ್ತು. ನಿಜ ಹೇಳದೆ ಮಾಡಿಸಿದ ಪಾಲಿಸಿಗೆ ಕಟ್ಟಿದ ಹಣ ನೀರಿಗೆ ಹಾಕಿದ ಹಾಗೆ.

ಕಂಪನಿಗಳ ಹೆಸರು ಹೇಳುವುದಿಲ್ಲ. ಕೌಂಟರಿನಲ್ಲಿ ಕೂತ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಕಾಲಂ ಇಲ್ಲದ ಫಾರಂನಲ್ಲಿ ಅವರಾದರೂ ಎಲ್ಲಿ ಬರೆಯಬೇಕು? ಅದಕ್ಕೇ ಈ ಪತ್ರ ನಿಮಗೆ.

ಮೊದಲು ನಮ್ಮ ಮನೆಯಲ್ಲಿ ಕೋವಿ ಯಾಕಿದೆ ಎಂದು ಹೇಳಿಬಿಡುತ್ತೇನೆ. ಹೊರಗಿನವರಿಗೆ ಬರುವ ಮೊದಲ ಪ್ರಶ್ನೆ ಅದೇ. 1857ರ ಗಲಾಟೆಯ ನಂತರ ಬ್ರಿಟಿಷರು ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾನೂನು ತಂದರು. ಕೊಡವರಿಗೆ ಮತ್ತು ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿ ಹಿಡಿದವರಿಗೆ ಅದರಿಂದ ವಿನಾಯಿತಿ ಸಿಕ್ಕಿದ್ದು 1861ರಲ್ಲಿ, ಆಗಿನ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ. ಸ್ವಾತಂತ್ರ್ಯ ಬಂದ ಮೇಲೆ 1959ರ ಆಯುಧ ಕಾಯ್ದೆಯ ಕೆಳಗೂ ಅದು ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಇನ್ನೂ 10 ವರ್ಷ, ಅಂದರೆ 2029ರ ತನಕ ವಿಸ್ತರಿಸಿತು. ಅದನ್ನು ಪ್ರಶ್ನಿಸಿ ಹೋದವರ ವಾದವನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ಒಪ್ಪಲಿಲ್ಲ. ಈ ವಿನಾಯಿತಿ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಅದನ್ನು ನಿಮ್ಮ ಮುಂದೆ ತರುವುದಿಲ್ಲ. ನಮ್ಮ ಊರಿನ ಸೇನಾ ಜನರಲ್‌ಗಳಾದ ಕಾರ್ಯಪ್ಪ, ತಿಮ್ಮಯ್ಯ ಅವರ ಹೆಸರನ್ನೂ ಎಳೆದು ತರುವುದಿಲ್ಲ. ನಾನು ಹೇಳುವುದು ಇಷ್ಟೇ. ಈ ಕೋವಿಗಳು ಕದ್ದುಮುಚ್ಚಿ ಇಟ್ಟವಲ್ಲ. ಸರ್ಕಾರಕ್ಕೆ ಗೊತ್ತಿದ್ದು, ಕಾಗದದ ಮೇಲೆ ಇರುವಂಥವು.

ಸೆಪ್ಟೆಂಬರ್ ಮೊದಲಿಗೆ ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಬರುತ್ತದೆ. ನಾಟಿ ಮುಗಿದಿರುತ್ತದೆ. ಕೋವಿ, ಒಡಿಕತ್ತಿ, ಪೀಚೆಕತ್ತಿ ಎಲ್ಲ ಒರೆಸಿ, ಎಣ್ಣೆ ಹಾಕಿ, ಕುಟುಂಬದ ಮೂಲ ಮನೆಯಾದ ಐನ್‌ಮನೆಯಲ್ಲಿ ಸಾಲಾಗಿ ಇಟ್ಟು, ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುತ್ತೇವೆ. ಆ ಹೂವಿನ ಹೆಸರೇ ಕೋವಿ ಹೂ. ಬೇರೆ ಕಡೆ ಅದನ್ನು ಗೌರಿ ಹೂ ಎನ್ನುತ್ತಾರೆ. ಆಮೇಲೆ ಅಕ್ಕಿಯ ಕಡಂಬುಟ್ಟು, ಹಂದಿ ಮಾಂಸದ ಪಂದಿ ಕರಿ, ಮಧ್ಯಾಹ್ನ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ. ಸುಗ್ಗಿ ಹಬ್ಬ ಪುತ್ತರಿಯ ರಾತ್ರಿ ಕದಿರು ಕೊಯ್ಯುವಾಗ ಒಂದು ಗುಂಡು. ಗಂಡು ಮಗು ಹುಟ್ಟಿದರೆ ಒಂದು. ಯಾರಾದರೂ ತೀರಿಕೊಂಡರೆ ಎರಡು, ಊರಿಗೆ ಗೊತ್ತಾಗಲಿ ಎಂದು. ಈಗ ವಾಟ್ಸಾಪ್ ಗುಂಡಿಗಿಂತ ಮೊದಲೇ ತಲುಪುತ್ತದೆ. ಆದರೂ ಹೊಡೆಯುತ್ತೇವೆ.

ನಮ್ಮ ನಾಲ್ಕರಲ್ಲಿ ಹಳೆಯದು ಒಂದು ಕೇಪಿನ ಕೋವಿ, ಬಾಯಿಯಿಂದ ಮದ್ದು ತುಂಬುವಂಥದ್ದು. ಎರಡನೆಯದು ಅಜ್ಜ ಕೊಂಡ ಇಂಗ್ಲೆಂಡಿನ ಜೋಡು ನಳಿಗೆ. ಆ ವರ್ಷದ ಕಾಫಿಯ ದುಡ್ಡೆಲ್ಲ ಅದಕ್ಕೇ ಹೋಯಿತು ಎಂದು ಅಜ್ಜಿ ಸಾಯುವ ತನಕ ಹೇಳುತ್ತಿದ್ದರು. ಮೂರನೆಯದು ಅಪ್ಪನ ಒಂಟಿ ನಳಿಗೆ, ನಮ್ಮದೇ ದೇಶದ ಕಾರ್ಖಾನೆಯದು. ನಾಲ್ಕನೆಯದು ನನ್ನದು. ನಮ್ಮ ಕಡೆ ಇದನ್ನು ಯಾರೂ ಸಂಗ್ರಹ ಎಂದು ಕರೆಯುವುದಿಲ್ಲ. ಮೂರು ತಲೆಮಾರು ಒಂದೊಂದಾಗಿ ಬಿಟ್ಟು ಹೋದದ್ದು, ಅಷ್ಟೇ. ಆದರೆ ವಿಮೆಯ ಲೆಕ್ಕದಲ್ಲಿ ಸಂಗ್ರಹವೇ.

ಇನ್ನು ನಿಮ್ಮ ಪಾಲಿಸಿಯ ವಿಷಯಕ್ಕೆ ಬರುತ್ತೇನೆ. ಓದದೆ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಮಳೆಗಾಲದಲ್ಲಿ ಕರೆಂಟ್ ಇಲ್ಲದ ಸಂಜೆಗಳು ನಮಗೆ ಬೇಕಾದಷ್ಟು.

2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಭಾರತ್ ಗೃಹ ರಕ್ಷಾ ಎಂಬ ಒಂದೇ ಮಾದರಿಯ ಮನೆ ಪಾಲಿಸಿ ಕೊಡಬೇಕು ಎಂದು ನೀವು ಮಾಡಿದಿರಿ. ಒಳ್ಳೆಯ ಕೆಲಸ. ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹದ ಜೊತೆ ಭೂಕುಸಿತವೂ ಅದರಲ್ಲಿದೆ. ಕೊಡಗಿನವರಿಗೆ ಆ ಒಂದು ಪದ ಸಾಕು, ಪಾಲಿಸಿ ಮಾಡಿಸುವುದಕ್ಕೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಹೇಗೆ ಬಂದವು ಎಂದು ಇಡೀ ದೇಶ ಟಿವಿಯಲ್ಲಿ ನೋಡಿದೆ. ನನ್ನ ಹೆಂಡತಿಯ ಕಡೆಯವರ ಒಂದು ಮನೆ ಆ ಮಣ್ಣಿನಲ್ಲಿ ಹೋಯಿತು. ಜನ ಉಳಿದರು, ದೇವರು ದೊಡ್ಡವನು. ಕೋವಿ ಸಿಕ್ಕಿದ್ದು ಎಷ್ಟೋ ದಿನಗಳ ಮೇಲೆ, ಕೆಸರಿನಡಿ. ನಳಿಗೆ ಬಾಗಿತ್ತು, ಮರದ ಹಿಡಿ ಊದಿಕೊಂಡಿತ್ತು. ಅದು ಸಿಗುವ ತನಕ ಬಾವನಿಗೆ ಇದ್ದ ಚಿಂತೆ ಅದರ ಬೆಲೆಯದಲ್ಲ, ಅದು ಯಾರ ಕೈಗಾದರೂ ಸಿಕ್ಕಿಬಿಟ್ಟರೆ ಎಂಬುದು. ಸಿಕ್ಕಿದ ಮೇಲೆ ಮಾತ್ರ ಬೆಲೆಯ ನೆನಪಾಯಿತು.

ಈಗ ಹೇಳಿ, ಭೂಕುಸಿತ ಪಾಲಿಸಿಯಲ್ಲಿದೆ. ಮನೆಯೊಳಗಿನ ಸಾಮಾನೂ ಇದೆ. ಕಟ್ಟಡದ ವಿಮಾ ಮೊತ್ತದ ಶೇ 20ರಷ್ಟು, 10 ಲಕ್ಷ ರೂಪಾಯಿ ಮೀರದಂತೆ, ಸಾಮಾನಿಗೆ ತಾನಾಗಿ ಸಿಗುತ್ತದೆ. ಆ ಸಾಮಾನಿನಲ್ಲಿ ಕೋವಿ ಸೇರಿದೆಯೋ ಇಲ್ಲವೋ? ಏನೇನು ಸೇರಿಲ್ಲ ಎಂಬ ಪಟ್ಟಿಯಲ್ಲಿ ನಾಣ್ಯ, ನೋಟು, ಚೆಕ್ಕು, ವಾಹನ, ಸ್ಫೋಟಕ ವಸ್ತು ಎಲ್ಲ ಇವೆ. ಕೋವಿ ಎಂದು ನನ್ನ ಕಣ್ಣಿಗೆ ಬೀಳಲಿಲ್ಲ. ಪಟ್ಟಿಯಲ್ಲಿ ಇಲ್ಲ ಅಂದ ಮೇಲೆ ಸೇರಿದೆ ಎಂದು ನಾನು ಓದುತ್ತೇನೆ. ನಷ್ಟ ಅಳೆಯಲು ಬರುವ ಸರ್ವೇಯರ್ ಹಾಗೆ ಓದುತ್ತಾರಾ? ಇದನ್ನು ಕೇಳಿದಾಗ ಒಂದೊಂದು ಕಡೆ ಒಂದೊಂದು ಥರ ಆಯಿತು.

ಸೇರಿದೆ ಎಂದೇ ಇಟ್ಟುಕೊಳ್ಳೋಣ. ಬೆಲೆ ಹೇಗೆ ಕಟ್ಟುತ್ತೀರಿ? ಸಾಮಾನ್ಯ ಸಾಮಾನಿಗೆ ಅಂಥದ್ದೇ ಹೊಸದನ್ನು ಕೊಳ್ಳಲು ತಗಲುವ ಖರ್ಚು ಕೊಡುವುದು ನಿಮ್ಮ ಲೆಕ್ಕ. ಫ್ರಿಜ್ಜಿಗೆ ಅದು ಸರಿ. ಅಜ್ಜನ ಇಂಗ್ಲಿಷ್ ಜೋಡು ನಳಿಗೆಗೆ ಹೊಸದು ಎಲ್ಲಿಂದ ತರುವುದು? 1980ರ ದಶಕದಿಂದ ಸಾಮಾನ್ಯ ಜನ ವಿದೇಶಿ ಕೋವಿ ತರಿಸಿಕೊಳ್ಳುವಂತಿಲ್ಲ. ಅದಕ್ಕೆ ಮೊದಲು ಬಂದದ್ದೇ ಕೈಯಿಂದ ಕೈಗೆ ಹೋಗುತ್ತಿದೆ. ಅದಕ್ಕೇ ಒಳ್ಳೆಯ ಹಳೆ ಕೋವಿಯ ಬೆಲೆ ಇಳಿಯುವುದಿಲ್ಲ, ಏರುತ್ತದೆ. ಫ್ರಿಜ್ಜಿನ ಉಲ್ಟಾ.

ಇದಕ್ಕೆ ದಾರಿ ನಿಮ್ಮ ಪಾಲಿಸಿಯಲ್ಲೇ ಇದೆ. ಒಡವೆ, ಬೆಳ್ಳಿ, ವರ್ಣಚಿತ್ರ, ಪುರಾತನ ವಸ್ತುಗಳಿಗೆ ಎಂದು ಒಂದು ಐಚ್ಛಿಕ ಭಾಗ ಇಟ್ಟಿದ್ದೀರಿ. ಅಲ್ಲಿ ಮೊದಲೇ ಒಪ್ಪಿಕೊಂಡ ಬೆಲೆಯ ಮೇಲೆ ವಿಮೆ. ಒಟ್ಟು 5 ಲಕ್ಷದೊಳಗೆ, ಒಂದೊಂದು ವಸ್ತು 1 ಲಕ್ಷದೊಳಗೆ ಇದ್ದರೆ ಬೆಲೆಯ ಸರ್ಟಿಫಿಕೇಟ್ ಕೂಡ ಬೇಕಿಲ್ಲ. ಕೋವಿಯನ್ನು ಅಲ್ಲಿಗೆ ಸೇರಿಸಿ ಎಂದರೆ ಒಬ್ಬ ಅಧಿಕಾರಿ ನನ್ನನ್ನು ಕೇಳಿದರು, "ಅದು ಈಗಲೂ ಗುಂಡು ಹೊಡೆಯುತ್ತಾ?" ಹೊಡೆಯುತ್ತದೆ ಎಂದೆ. "ಹಾಗಾದರೆ ಪುರಾತನ ವಸ್ತು ಅನ್ನೋಕೆ ಆಗಲ್ಲ." ಕಾನೂನಿನಲ್ಲೂ ಇಂಥ ಒಂದು ವ್ಯತ್ಯಾಸ ಇದೆ, ಒಪ್ಪುತ್ತೇನೆ. ಕೆಟ್ಟು ಕೂತ, ಬಳಸಲು ಬಾರದ ಪುರಾತನ ಕೋವಿಯನ್ನು ಆಯುಧ ಕಾಯ್ದೆಯೇ ಬಿಟ್ಟುಬಿಡುತ್ತದೆ. ಆದರೆ ವಿಮೆಗೂ ಅದೇ ಅಳತೆ ಹಿಡಿದರೆ ಏನಾಗುತ್ತದೆ ನೋಡಿ. ತುಕ್ಕು ಹಿಡಿಸಿ ಕೆಡಿಸಿದವನಿಗೆ ವಿಮೆ. ಪ್ರತಿ ವರ್ಷ ಎಣ್ಣೆ ಹಾಕಿ ಕಾಪಾಡಿದವನಿಗೆ ಇಲ್ಲ.

ಇನ್ನು ಕಳ್ಳತನ. ನಿಜವಾದ ಭಯ ಅದೇ, ಗುಡ್ಡ ದಿನಾ ಕುಸಿಯುವುದಿಲ್ಲ. ಗೃಹ ರಕ್ಷಾದಲ್ಲಿ ಕಳವು ಇದೆ, ಆದರೆ ಬೆಂಕಿಯೋ ಪ್ರವಾಹವೋ ಆದ ಏಳು ದಿನದೊಳಗೆ ನಡೆದ ಕಳವು ಮಾತ್ರ. ಮಾಮೂಲಿ ಕಳ್ಳ ಮಾಮೂಲಿ ದಿನ ಬಂದರೆ ಬೇರೆ ಪಾಲಿಸಿ ಬೇಕು. ಆ ಪಾಲಿಸಿಯಲ್ಲಿ ಬೀಗ ಒಡೆದೋ, ಕಿಟಕಿ ಮುರಿದೋ, ಬಲ ಹಾಕಿ ನುಗ್ಗಿರಬೇಕು. ಬಲಪ್ರಯೋಗ ಇಲ್ಲದ ಕಳವು ಅದರೊಳಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿಬಿಟ್ಟಿದೆ. ಐನ್‌ಮನೆಯಲ್ಲಿ ನಮ್ಮೆ, ಅಂದರೆ ಹಬ್ಬದ ದಿನ ನೂರು ಜನ ಬಂದು ಹೋಗುತ್ತಾರೆ. ಬಾಗಿಲಿಗೆ ಬೀಗ ಹಾಕುವ ಮಾತೇ ಇಲ್ಲ. ಅವತ್ತು ಒಂದು ಕೋವಿ ಮಾಯವಾದರೆ ನಿಮ್ಮ ಪಾಲಿಸಿ ನನಗೆ ಏನು ಕೊಡುತ್ತದೆ? ಏನೂ ಇಲ್ಲ.

ಕೋವಿಗೆ ವಿಮೆ ಕೊಟ್ಟರೆ ಸುಳ್ಳು ಕ್ಲೇಮ್ ಜಾಸ್ತಿಯಾಗುತ್ತವೆ ಎಂಬ ಹೆದರಿಕೆ ನಿಮಗಿರಬಹುದು. ಸ್ವಲ್ಪ ಯೋಚಿಸಿ. ನನ್ನ ಪ್ರತಿ ಕೋವಿಯ ಮೇಲೂ ನಂಬರ್ ಕೆತ್ತಿದೆ. ಅದು ನನ್ನ ಕಾಗದದಲ್ಲಿದೆ, ಸರ್ಕಾರಿ ದಾಖಲೆಯಲ್ಲಿದೆ. ಹೆಂಡತಿಯ ಸರಕ್ಕೆ ಅಂಥ ನಂಬರ್ ಇಲ್ಲ. ಸರ ಕಳೆದುಕೊಂಡವನನ್ನು ಪೊಲೀಸರು ಸಮಾಧಾನ ಮಾಡುತ್ತಾರೆ. ಕೋವಿ ಕಳೆದುಕೊಂಡವನನ್ನು ಕೂರಿಸಿ ವಿಚಾರಿಸುತ್ತಾರೆ. ಎಲ್ಲಿಟ್ಟಿದ್ದೆ, ಯಾರು ಬಂದಿದ್ದರು, ಯಾಕೆ ತಡವಾಗಿ ಹೇಳಿದೆ. ವಿಚಾರಿಸಬೇಕು ಕೂಡ. ಒಂದು ಲಕ್ಷಕ್ಕಾಗಿ ಇದನ್ನೆಲ್ಲ ಬೇಕೆಂದೇ ತಲೆ ಮೇಲೆ ಎಳೆದುಕೊಳ್ಳುವವನು ಕೊಡಗಿನಲ್ಲಿ ಇದ್ದರೆ ನನಗೂ ತೋರಿಸಿ, ನೋಡಬೇಕು. ಮನೆಯ ಸಾಮಾನುಗಳಲ್ಲೆಲ್ಲ ನಿಮಗೆ ಹೆಚ್ಚು ನಂಬಬಹುದಾದದ್ದು ಕೋವಿಯೇ.

ಅಮೆರಿಕದಲ್ಲಿರುವ ಅಣ್ಣನ ಮಗನನ್ನು ಕೇಳಿದೆ, ಅಲ್ಲಿ ಹೇಗೆ ಎಂದು. ಅಲ್ಲಿಯ ಮಾಮೂಲಿ ಮನೆ ಪಾಲಿಸಿಗಳಲ್ಲಿ ಕೋವಿ ಕಳವಾದರೆ 2,500 ಡಾಲರ್ ಮಿತಿ ಇರುವುದು ಸಾಮಾನ್ಯವಂತೆ. ಅದಕ್ಕಿಂತ ಜಾಸ್ತಿ ಬೆಲೆಯವು ಇದ್ದರೆ ತಯಾರಕರ ಹೆಸರು, ಮಾಡೆಲ್, ನಂಬರ್ ಬರೆದು ಒಂದೊಂದನ್ನೇ ಪಾಲಿಸಿಗೆ ಸೇರಿಸುತ್ತಾರೆ. ಅಲ್ಲಿಯ ಕೋವಿ ಕಾನೂನು ನಮಗೆ ಬೇಡ, ಅವರ ಪಾಡು ಅವರಿಗೆ. ಆದರೆ ಅವರಿಗೆ ಮಿತಿಯಾದರೂ ಇದೆ. ನಮಗೆ ಕಾಲಮ್ಮೇ ಇಲ್ಲ.

ಇದು ಕೊಡವರ ಗೋಳು ಮಾತ್ರ ಎಂದುಕೊಳ್ಳಬೇಡಿ. ಘಟ್ಟ ಇಳಿದರೆ ಸುಳ್ಯ, ಪುತ್ತೂರು, ಬೆಳ್ತಂಗಡಿ. ಅಡಿಕೆ ತೋಟಕ್ಕೆ ಹಂದಿ, ಮಂಗ ಬರುತ್ತವೆ ಎಂದು ಬೆಳೆ ರಕ್ಷಣೆಗೆ ಲೈಸೆನ್ಸ್ ತೆಗೆದುಕೊಂಡವರು ಅಲ್ಲಿ ತುಂಬಾ ಜನ. ಚುನಾವಣೆ ಬಂದಾಗ ಅವರಿಗೆ ನೋಟಿಸ್ ಬರುತ್ತದೆ, ಕೋವಿ ತಂದು ಠೇವಣಿ ಇಡಿ ಎಂದು. ಲೋಕಸಭೆ, ವಿಧಾನಸಭೆ, ಪಂಚಾಯ್ತಿ. ಸುಳ್ಯದ ಕಡೆಯ ನನ್ನ ಸ್ನೇಹಿತರೊಬ್ಬರು ಹೇಳುವ ಪ್ರಕಾರ ಅವರ ಕೋವಿ ತೋಟಕ್ಕಿಂತ ಜಾಸ್ತಿ ಬಸ್ಸಿನಲ್ಲೇ ತಿರುಗಿದೆ. ಒಂದು ಸಲ ವಾಪಸ್ ಬಂದಾಗ ಹಿಡಿ ಸೀಳಿತ್ತು. ಇನ್ನೊಂದು ಸಲ ನಳಿಗೆಯೊಳಗೆ ತುಕ್ಕು. ನೂರಾರು ಕೋವಿ ಒಂದೇ ಕೋಣೆಯಲ್ಲಿ ಗೋಡೆಗೆ ಒರಗಿಸಿ ಇಟ್ಟರೆ ಇನ್ನೇನಾಗುತ್ತದೆ? ಯಾರನ್ನು ಕೇಳಬೇಕು? ಇಟ್ಟುಕೊಂಡವರು ನಮ್ಮದಲ್ಲ ಎನ್ನುತ್ತಾರೆ. ಮನೆ ಪಾಲಿಸಿ ಇದ್ದರೂ ಕೋವಿ ಆಗ ಮನೆಯಲ್ಲಿ ಇರಲಿಲ್ಲವಲ್ಲ.

ಬೆಂಗಳೂರಿನ ಶೂಟಿಂಗ್ ರೇಂಜುಗಳಲ್ಲಿ ಅಭ್ಯಾಸ ಮಾಡುವ ಮಕ್ಕಳನ್ನೂ ನೆನಪಿಟ್ಟುಕೊಳ್ಳಿ. ಒಳ್ಳೆಯ ಸ್ಪರ್ಧೆಯ ರೈಫಲ್ಲಿಗೆ ಲಕ್ಷಗಟ್ಟಲೆ ಆಗುತ್ತದೆ. ಅಪ್ಪ ಅಮ್ಮ ಸಾಲ ಮಾಡಿ ಕೊಡಿಸಿರುತ್ತಾರೆ.

ನಾನು ಕೇಳುವುದು ದೊಡ್ಡದೇನಲ್ಲ. ಗೃಹ ರಕ್ಷಾಕ್ಕೆ ಜೋಡಿಸಬಹುದಾದ ಒಂದು ಸಣ್ಣ ಹೆಚ್ಚುವರಿ ಕವರ್ ಮಾಡಿ, ಎಲ್ಲ ಕಂಪನಿಗೂ ಒಂದೇ ಮಾದರಿ. ಲೈಸೆನ್ಸ್ ಅಥವಾ ವಿನಾಯಿತಿಯ ಕಾಗದ ಇದ್ದವರಿಗೆ ಮಾತ್ರ ಕೊಡಿ. ಕೋವಿಯ ನಂಬರ್ ಪಾಲಿಸಿಯಲ್ಲೇ ಬರೆಯಿರಿ. ಬೆಲೆ ಮೊದಲೇ ಒಪ್ಪಿಕೊಳ್ಳಿ. ಬೆಲೆ ಹೇಳುವವರು ಯಾರು ಎಂದು ಕೇಳಬೇಡಿ, ಬಂಗಾರಕ್ಕೆ ಅಕ್ಕಸಾಲಿಗ ಇದ್ದಂತೆ ಇದಕ್ಕೆ ಲೈಸೆನ್ಸ್ ಇರುವ ಕೋವಿ ಅಂಗಡಿಯವರು ಇದ್ದಾರೆ. ಬೀಗ ಒಡೆದದ್ದಿರಲಿ ಇಲ್ಲದಿರಲಿ, ಎಫ್‌ಐಆರ್ ಆಗಿದ್ದರೆ ಕಳವು ಎಂದು ಒಪ್ಪಿ. ಸರ್ಕಾರವೇ ಹೇಳಿ ಠೇವಣಿ ಇಡಿಸಿದಾಗ, ಒಯ್ಯುವಾಗ, ತರುವಾಗ ಆದ ಹಾನಿಯೂ ಅದರೊಳಗೆ ಬರಲಿ.

ಇನ್ನೊಂದು ತೊಡಕು ಇದೆ, ಅದು ನಮ್ಮದೇ. ಐನ್‌ಮನೆ ಒಬ್ಬರದಲ್ಲ, ಒಕ್ಕದ್ದು, ಅಂದರೆ ಇಡೀ ಕುಟುಂಬದ್ದು. ಕೋವಿಗಳು ಬೇರೆ ಬೇರೆ ಹೆಸರಲ್ಲಿ ಇರುತ್ತವೆ. ನಮ್ಮಲ್ಲಿ ಎರಡು ನನ್ನ ಹೆಸರಲ್ಲಿ, ಒಂದು ತಮ್ಮನದರಲ್ಲಿ, ಒಂದು ಅಮ್ಮನದರಲ್ಲಿ. ಲೈಸೆನ್ಸ್ ಇರುವ ಮನೆಗಳಲ್ಲೂ ಹೀಗೇ. 2019ರ ತಿದ್ದುಪಡಿಯಲ್ಲಿ ಒಬ್ಬರ ಲೈಸೆನ್ಸಿಗೆ ಇದ್ದ ಮಿತಿ ಮೂರರಿಂದ ಎರಡಕ್ಕೆ ಇಳಿದ ಮೇಲೆ ಎಷ್ಟೋ ಅಜ್ಜನ ಕೋವಿಗಳು ಮೊಮ್ಮಕ್ಕಳ ಹೆಸರಿಗೆ ಹೋದವು. ಮನೆ ಒಬ್ಬರದು, ಕೋವಿ ಇನ್ನೊಬ್ಬರದು ಎಂದು ಕ್ಲೇಮ್ ತಳ್ಳಿಹಾಕುವುದಕ್ಕೆ ಇದಕ್ಕಿಂತ ಸುಲಭದ ಕಾರಣ ಬೇಡ. ಒಂದು ಸೂರಿನಡಿ ಇರುವ ಕೋವಿಗಳನ್ನು ಒಂದೇ ಪಾಲಿಸಿಯಲ್ಲಿ, ಯಾವುದು ಯಾರದು ಎಂದು ಬರೆದು, ಸೇರಿಸಲು ಬಿಡಿ.

ಬದಲಿಗೆ ನಮ್ಮ ಕಡೆಯಿಂದಲೂ ಕೇಳಿ. ಸುರಕ್ಷಿತವಾಗಿ ಇಡುತ್ತೇನೆ ಎಂದು 2016ರ ಆಯುಧ ನಿಯಮಗಳಲ್ಲಿ ಲೈಸೆನ್ಸ್ ಬೇಡುವವರು ಬರೆದುಕೊಡಬೇಕು. ಬರೆದುಕೊಟ್ಟು ಮರೆಯುವವರೂ ಇದ್ದಾರೆ, ಸುಳ್ಳು ಯಾಕೆ ಹೇಳಲಿ. ನಮ್ಮ ಮನೆಯಲ್ಲೇ ಅಪ್ಪನ ಕಾಲದಲ್ಲಿ ಕೋವಿ ಗೋಡೆಯ ಗೂಟದಲ್ಲಿ ತೂಗುತ್ತಿತ್ತು, ಕೋವಿಗೆ ಹಾಕುವ ತೋಟೆ ಅದರ ಕೆಳಗಿನ ಡ್ರಾಯರಿನಲ್ಲಿ. ಗೋಡೆಗೆ ಬೋಲ್ಟ್ ಹಾಕಿದ ಉಕ್ಕಿನ ಕಪಾಟು ಇದ್ದರೆ ಪ್ರೀಮಿಯಂ ಕಮ್ಮಿ ಎಂದು ನೀವು ಒಂದು ಸಾಲು ಬರೆಯಿರಿ. ತೋಟೆ ಬೇರೆ ಕಡೆ ಬೀಗದಲ್ಲಿ ಇದ್ದರೆ ಇನ್ನೂ ಕಮ್ಮಿ. ಪೊಲೀಸರ ಹತ್ತು ಸುತ್ತೋಲೆ ಮಾಡದ ಕೆಲಸವನ್ನು ಆ ಸಾಲು ಮಾಡುತ್ತದೆ. ದುಡ್ಡು ಉಳಿಯುತ್ತದೆ ಎಂದರೆ ನಾವು ಯಾರ ಮಾತಾದರೂ ಕೇಳುತ್ತೇವೆ.

ತೋಟೆಗೆ ವಿಮೆ ಕೇಳುತ್ತಿಲ್ಲ, ಅದು ಸ್ಫೋಟಕವೇ, ಬಿಡಿ. ನಮ್ಮ ಅಜಾಗರೂಕತೆಯಿಂದ ಆದ ಅನಾಹುತಕ್ಕೂ ಕೇಳುತ್ತಿಲ್ಲ. ಕಾಡಿಗೆ ಹೋಗಿ ಕಾನೂನು ಮುರಿದವನಿಗೆ ಒಂದು ಪೈಸೆಯೂ ಕೊಡಬೇಡಿ.

ದೂರು ಕೊಡಿ ಎಂದು ಕೆಲವರು ಹೇಳಿದರು. ನಿಮ್ಮದೇ ದೂರಿನ ಪೋರ್ಟಲ್ ಬೀಮಾ ಭರೋಸಾ ಇದೆ, ಬೆಂಗಳೂರಿನಲ್ಲಿ ವಿಮಾ ಲೋಕಪಾಲರು ಇದ್ದಾರೆ. ಆದರೆ ಅವು ಹೆಚ್ಚಾಗಿ ಪಾಲಿಸಿ ಇದ್ದವರಿಗೆ. ಪಾಲಿಸಿಯೇ ಸಿಗದವನು ಯಾವ ನಂಬರ್ ಹಾಕಿ ದೂರು ಕೊಡಲಿ?

ಮನೆಗೆ ಪಾಲಿಸಿ ಮಾಡಿಸಿದ್ದೇನೆ. ಟಿವಿ ಇದೆ, ಫ್ರಿಜ್ ಇದೆ, ಅಜ್ಜಿಯ ಬೆಳ್ಳಿ ಇದೆ. ನಾಲ್ಕು ಕೋವಿಗಳ ನಂಬರ್, ಫೋಟೋ, ಕಾಗದದ ಜೆರಾಕ್ಸ್ ಬೇರೆ ಒಂದು ಕವರಿನಲ್ಲಿ ಹಾಕಿ ಅದೇ ಪಾಲಿಸಿಯ ಹಿಂದೆ ಪಿನ್ ಮಾಡಿ ಇಟ್ಟಿದ್ದೇನೆ. ನೀವು ಫಾರಂ ಕಳಿಸಿದ ದಿನ ಆ ಕವರ್ ತೆಗೆದುಕೊಂಡು ಅದೇ ಹುಡುಗನ ಹತ್ತಿರ ಹೋಗುತ್ತೇನೆ. ಅವನಿಗೆ ಕಾಫಿ ಈ ಸಲ ನನ್ನದು.

ಇಂತಿ,
ಕೊಡಗಿನ ಒಬ್ಬ ಬೆಳೆಗಾರ